ರುಕ್ಕತ್ತೆ ಮೂಕಿ ಸಿನಿಮಾ ನೋಡಿದ ಮಳೆಗಾಲ

ಹೊಸ ಪಂಚೆಯ ಗಂಜಿ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಮದುವೆಮನೆ ನೆನಪಾಗುತ್ತದೇನೋ, ನನಗೆ ಮಾತ್ರ ಸಿಟ್ಟು ನೆತ್ತಿಗೇರುತ್ತದೆ. ಹೋದ ವಾರವೂ ಹಾಗೇ ಆಯಿತು. ಸೇಲಂನ ಸಿನಿಮಾ ಸಂಘದ ಸೆಕ್ರೆಟರಿ ಫೋನ್ ಮಾಡಿದ್ದರು. ಎಷ್ಟೋ ಕಾಲ ಮಾತೇ ಬಿಟ್ಟಿದ್ದ ಮನುಷ್ಯ, ಅಂದು ದನಿಯಲ್ಲಿ ಬೆಲ್ಲ ಕರಗಿಸಿಕೊಂಡು, ತಮ್ಮ ತಮಿಳು ಬೆರೆತ ಕನ್ನಡದಲ್ಲಿ ಶುರು ಮಾಡಿದರು. "ಮೇಡಂ, ಈಗ ಸೈಲೆಂಟ್ ಕಾಮೆಡಿಗೆ ಸೆಮ ಡಿಮಾಂಡ್ ಮೇಡಂ. ನಿಮ್ಮತ್ರ ಇತ್ತಲ್ಲಾ, ಆ ಸಣ್ಣ ಸಣ್ಣ ಲವ್ ಪಡಂ, ಅದೆಲ್ಲಾ ಕೊಡಿ, ಒಂದು ಫೆಸ್ಟಿವಲ್ ಮಾಡಿಬಿಡೋಣ. ಆ ಬಿಳಿ ವೇಷ್ಟಿ, ಆ ಪಂಚೆ ಸ್ಕ್ರೀನೂ ಸ್ಟೇಜಿಗೆ ಒಳ್ಳೆ ಗೆಟಪ್ಪು. ಆಮೇಲೆ ನಿಮ್ಮ ಆ ಕಿವಿ ಕೇಳದ ಅತ್ತೆ, ಅವರೂ ಒಂದು ಸಲ ಬಂದು ಕೂತರೆ ಪೇಪರಿನವರಿಗೆ ತುಂಬಾ ಇಷ್ಟ ಆಗುತ್ತೆ."

ನೋಡುತ್ತೇನೆ ಅಂತ ಫೋನ್ ಇಟ್ಟೆ. ಬೀರು ತೆಗೆದು, ಅಡಿಯಲ್ಲಿ ಮಡಿಸಿಟ್ಟಿದ್ದ ಆ ಬಿಳಿ ಬಟ್ಟೆಯನ್ನು ಎಳೆದೆ. ಎರಡು ಪಂಚೆ ಅಡ್ಡಕ್ಕೆ ಜೋಡಿಸಿ ಹೊಲಿದದ್ದು. ಒಂದು ಸಲವೂ ಒಗೆಯದ ಬಟ್ಟೆ, ಗಂಜಿಯ ಹುಳಿ ವಾಸನೆ ಹಾಗೇ ಇದೆ. ಕೊಡುವುದಿಲ್ಲ. ಬಟ್ಟೆಯನ್ನೂ ಕೊಡುವುದಿಲ್ಲ, ಸಿನಿಮಾಗಳನ್ನೂ ಕೊಡುವುದಿಲ್ಲ, ಅತ್ತೆಯನ್ನಂತೂ ಕೇಳಲೇಬೇಡಿ. ಯಾಕೆ ಅಂತ ಅವರಿಗೆ ಹೇಳಿದರೆ ಗೋಡೆಗೆ ಹೇಳಿದಂತೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಸೇಲಂನ ಅಮ್ಮಾಪೇಟೆಯ ನಮ್ಮ ಕೇರಿಯಲ್ಲಿ ಮನೆಮಾತು ಕನ್ನಡ, ಮನೆಗೆಲಸ ಮಗ್ಗ. ಅಪ್ಪ ಕೈಮಗ್ಗದವನು. ನಡುಮನೆಯ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತು ಬಿಳಿ ಪಂಚೆ ನೇಯುವುದು ಬಿಟ್ಟು ಅವನಿಗೆ ಬೇರೇನೂ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದನ್ನೇ ದೊಡ್ಡಸ್ತಿಕೆ ಮಾಡಿಕೊಂಡು ಬದುಕಿದವನು. ಕೇರಿಗೆ ಪವರ್‌ಲೂಮ್ ಶೆಡ್ಡುಗಳು ಬಂದಾಗ "ಅದು ನೇಯ್ಗೆನಾ? ಗಿರಣಿ" ಅಂತ ಮೂಗು ಮುರಿದ. ಕೈಮಗ್ಗದಿಂದ ಮನೆ ನಡೆಯದಾದಾಗ ಆ ಗಿರಣಿಗೆ ಕೆಲಸಕ್ಕೆ ಹೋದವಳು ಅಪ್ಪನ ತಂಗಿ ರುಕ್ಕತ್ತೆ. ನನ್ನಮ್ಮ ತೀರಿಕೊಂಡಾಗ ನಾನಿನ್ನೂ ತೊಟ್ಟಿಲಿನಲ್ಲಿದ್ದೆ. ಅತ್ತೆಗೆ ಗಂಡು ನೋಡುತ್ತಿದ್ದರಂತೆ. ಈ ಕೂಸು ಸ್ವಲ್ಪ ದೊಡ್ಡದಾಗಲಿ ಆಮೇಲೆ ನೋಡೋಣ ಅಂದರಂತೆ. ಕೂಸು ದೊಡ್ಡದಾಯಿತು, ಓದಿತು, ನಲ್ಲಂಪಳ್ಳಿಯ ಕಾಲೇಜಿನಲ್ಲಿ ಕೆಲಸಕ್ಕೂ ಸೇರಿತು, ಅಲ್ಲೇ ರೂಮು ಮಾಡಿಕೊಂಡು ವಾರಕ್ಕೊಮ್ಮೆ ಮನೆಗೆ ಬರತೊಡಗಿತು. ಆ 'ಆಮೇಲೆ' ಮಾತ್ರ ಬರಲೇ ಇಲ್ಲ. ಅತ್ತೆ ಬೆಳಗ್ಗೆ ಅನ್ನ ಬಸಿದು ಶೆಡ್ಡಿಗೆ ಹೋಗಿ, ಸಂಜೆ ಬಂದು ಮತ್ತೆ ಅನ್ನ ಬಸಿಯುತ್ತಲೇ ಐವತ್ತಕ್ಕೆ ಬಂದಳು.

ಪವರ್‌ಲೂಮ್ ಶೆಡ್ಡಿನ ಒಳಗೆ ನೀವು ಯಾವತ್ತಾದರೂ ನಿಂತಿದ್ದೀರಾ? ಸದ್ದು ಅನ್ನುವ ಮಾತು ಅದಕ್ಕೆ ಸಾಲದು. ಹಲ್ಲು ಅದುರುತ್ತದೆ. ಆ ಸದ್ದಿನಲ್ಲಿ ವರ್ಷಗಟ್ಟಲೆ ನಿಂತು ರುಕ್ಕತ್ತೆಯ ಕಿವಿ ಹೋಯಿತು. ಇದಕ್ಕೇನಾದರೂ ಮಾಡಿ ಅಂತ ಕೇಳಲು ಹೋದರೆ ಶೆಡ್ಡಿನ ಮಾಲೀಕ "ಕಿವಿಗೆ ಹತ್ತಿ ಇಟ್ಕೋಮ್ಮಾ" ಅಂದನಂತೆ. ಹತ್ತಿ! ದಿನಕ್ಕೆ ಮೂಟೆಗಟ್ಟಲೆ ಹತ್ತಿ ನೂಲು ನೇಯುವ ಹೆಂಗಸಿಗೆ ಒಂದು ಉಂಡೆ ಹತ್ತಿಯ ಉಪದೇಶ. ಆ ಮನುಷ್ಯನ ಹೆಸರು ಬರೆಯಲು ಕೈ ತುರಿಸುತ್ತದೆ, ಬಿಟ್ಟಿದ್ದೇನೆ.

ಆದರೆ ಶೆಡ್ಡಿನವರು ಮೂಕರಲ್ಲ. ಬಾಯಿ ನಡೆಯದ ಜಾಗದಲ್ಲಿ ಅವರು ಕೈಯಲ್ಲೇ ಮಾತಾಡುತ್ತಾರೆ. ಚಿಕ್ಕಂದಿನಲ್ಲಿ ಅತ್ತೆಗೆ ಊಟದ ಕ್ಯಾರಿಯರ್ ಕೊಡಲು ಹೋಗಿ ಹೋಗಿ ನನಗೂ ಆ ಭಾಷೆ ಬಂತು. ಹೆಬ್ಬೆರಳು ತೋರುಬೆರಳು ಉಜ್ಜಿದರೆ ಎಳೆ ಕಿತ್ತಿದೆ, ಕಟ್ಟು ಅಂತ. ಅಂಗೈ ಎತ್ತಿ ಹಿಡಿದರೆ ನಿಲ್ಲಿಸು, ಮುಷ್ಟಿ ಮಾಡಿ ಮುಂದಕ್ಕೆ ತಳ್ಳಿದರೆ ಓಡಿಸು. ಕೆಲಸ ಬಿಡುವ ಹೊತ್ತಿಗೆ ಮುಂದಿನ ಪಾಳಿಯವಳು ಬಂದು ನಿಂತರೆ, ತನ್ನ ಎದೆ ಮುಟ್ಟಿಕೊಂಡು, ಮಗ್ಗ ತೋರಿಸಿ, ಅವಳ ಕಡೆ ಬೆರಳು ಮಾಡುತ್ತಾರೆ. ನನ್ನ ಪಾಳಿ ಮುಗಿಯಿತು, ಇನ್ನು ನೀನು ನೋಡಿಕೋ ಅಂತ ಅದರ ಅರ್ಥ. ಅಷ್ಟು ಮಾಡಿ ಚಪ್ಪಲಿ ಮೆಟ್ಟಿಕೊಂಡು ಹೊರಟರೆ ಆಯಿತು. ಅಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ. ಅವನು ಶೆಡ್ಡಿನ ಹೊಸ್ತಿಲು ತುಳಿದವನಲ್ಲ. ತಂಗಿಯ ಜೊತೆ ಮಾತಾಡಬೇಕೆಂದರೆ ಕಿವಿಗೆ ಬಾಯಿಟ್ಟು ಕೂಗುವುದು, ಅವಳಿಗೆ ಕೇಳಿಸದಿದ್ದರೆ ತಲೆ ಚಚ್ಚಿಕೊಳ್ಳುವುದು, ಇಷ್ಟೇ. ನೆಂಟರ ಮನೆಯಲ್ಲೂ ಅದೇ. ಕಿವಿ ಕೇಳದವಳು ಅಂದರೆ ಬುದ್ಧಿಯೂ ಇಲ್ಲದವಳು ಅಂತಲೇ ಲೆಕ್ಕ. ಮದುವೆಮನೆಗಳಲ್ಲಿ ಅವಳನ್ನು ಪಾತ್ರೆ ಕಾಯಲು ಕೂರಿಸುತ್ತಿದ್ದರು. ಸಿನಿಮಾಕ್ಕೆ ಕರೆದುಕೊಂಡು ಹೋಗುವುದನ್ನಂತೂ ಯಾವಾಗಲೋ ನಿಲ್ಲಿಸಿದ್ದರು. "ಅವ್ಳಿಗೇನ್ ಗೊತ್ತಾಯ್ತದೆ, ಟಿಕೆಟ್ ದಂಡ" ಅಂತ.

ಇನ್ನು ನನ್ನ ವಿಷಯ. ನನಗೆ ಹಳೆಯ ಮೂಕಿ ಚಿತ್ರಗಳ ಹುಚ್ಚು. ಅದರಲ್ಲೂ ಪ್ರಪಂಚವೆಲ್ಲ ಪೂಜೆ ಮಾಡುವ ಎರಡು ಮೂರು ದೊಡ್ಡ ಹಾಸ್ಯಗಾರರದ್ದಲ್ಲ. ಅವರು ಚೆನ್ನಾಗಿಯೇ ಇದ್ದಾರೆ, ಇರಲಿ, ಅವರಿಗೆ ನನ್ನ ವಕಾಲತ್ತು ಬೇಕಿಲ್ಲ. ನನಗೆ ಬೇಕಾದದ್ದು ಯಾರೂ ತಿರುಗಿ ನೋಡದ ಸಣ್ಣ ಪ್ರೇಮದ ಕಾಮೆಡಿಗಳು. ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ, ಟ್ರಾಮಿನ ಕಂಡಕ್ಟರು, ಒಂದೇ ಗೋಡೆಯ ಆಚೆ ಈಚೆ ಬಾಡಿಗೆಗಿದ್ದು ದಿನಾ ಜಗಳವಾಡುವ ಟೈಪಿಸ್ಟು ಮತ್ತು ಪಿಟೀಲಿನವನು. ಇಂಟರ್‌ನೆಟ್ಟಿನಲ್ಲಿ ಗೀರು ಬಿದ್ದ, ತುದಿ ಸುಟ್ಟ, ಹೆಸರೂ ಸರಿಯಾಗಿ ಇಲ್ಲದ ಪ್ರತಿಗಳು ಸಿಗುತ್ತವೆ. ಅದರಲ್ಲಿ ನಟಿಸಿದ ಹುಡುಗಿಯರನ್ನು ನೋಡಬೇಕು! ಭುಜ ಒಂದು ಕುಣಿಸಿದರೆ ಸಾಕು, ಎದುರಿಗಿರುವ ಗಂಡಸು ಎಷ್ಟು ದೊಡ್ಡ ಪೆದ್ದ ಅಂತ ತಿಳಿದುಹೋಗುತ್ತದೆ. ಪೆದ್ದನಾದರೂ ಒಳ್ಳೆಯವನು ಅಂತ ಅದೇ ಭುಜದಲ್ಲೇ ತಿಳಿಯುತ್ತದೆ. ಈಗಿನ ನಮ್ಮ ಸಿನಿಮಾಗಳಲ್ಲಿ ಹೀರೋ ಹುಡುಗಿಯ ಬೆನ್ನು ಹತ್ತುತ್ತಾನೆ, ಬೈಯುತ್ತಾನೆ, ಅವಳಿಗೆ ಬುದ್ಧಿ ಕಲಿಸುತ್ತಾನೆ, ಅವಳು ಕಲಿತು ಅವನ ಜೊತೆ ಹಾಡು ಹೇಳುತ್ತಾಳೆ, ನಮ್ಮ ಕಿವಿ ಹರಿಯುತ್ತದೆ. ಆ ಹಳೆಯ ಚಿತ್ರಗಳಲ್ಲಿ ಯಾರೂ ಯಾರಿಗೂ ಬುದ್ಧಿ ಕಲಿಸುವುದಿಲ್ಲ. ಇಬ್ಬರೂ ಸಮಸಮವಾಗಿ ಪೆದ್ದಾಗುತ್ತಾರೆ, ಇಬ್ಬರೂ ಸಮಸಮವಾಗಿ ಗೆಲ್ಲುತ್ತಾರೆ. ಕೆಲಸ ಮಾಡುತ್ತಾ ಮಾಡುತ್ತಾ ಪ್ರೀತಿ ಹುಟ್ಟುತ್ತದೆ. ಒಬ್ಬರನ್ನೊಬ್ಬರು ಕಣ್ಣಿಟ್ಟು ನೋಡದೆ ಅಲ್ಲಿ ಏನೂ ನಡೆಯುವುದಿಲ್ಲ, ಯಾಕೆಂದರೆ ಮಾತು ಇಲ್ಲ.

ಇದನ್ನು ಸಂಘದಲ್ಲಿ ಹೇಳಿದ್ದೆ. ತಿಂಗಳಿಗೊಂದು ಇಂಥ ಚಿತ್ರ ಹಾಕೋಣ ಅಂದೆ. ಸೆಕ್ರೆಟರಿ ನಕ್ಕುಬಿಟ್ಟರು. "ಮೇಡಂ, ಅದೆಲ್ಲಾ ಸುಮ್ಮಾ ಟೈಂಪಾಸು. ಮಾಸ್ಟರ್‌ಪೀಸ್ ನೋಡೋಕೇ ನಮಗೆ ಟೈಮಿಲ್ಲ." ಸುತ್ತ ಕೂತಿದ್ದವರೂ ನಕ್ಕರು. ಎರಡು ಗಂಟೆ ಯಾರೋ ಸಾಯುವುದನ್ನು ನೋಡಿದರೆ ಕಲೆ, ಒಂದು ಗಂಟೆ ಇಬ್ಬರು ಬದುಕಲು ಕಲಿಯುವುದನ್ನು ನೋಡಿದರೆ ಟೈಂಪಾಸು. ಅವತ್ತು ಎದ್ದು ಬಂದವಳು ಸ್ವಂತಕ್ಕೆ ಒಂದು ಪುಟ್ಟ ಪ್ರೊಜೆಕ್ಟರ್ ತೆಗೆದುಕೊಂಡೆ, ಸಂಘದ ಕಡೆ ತಲೆ ಹಾಕಲಿಲ್ಲ.

ಆ ವರ್ಷ ದೀಪಾವಳಿ ಮುಗಿದ ಬೆನ್ನಿಗೇ ಐಪ್ಪಸಿ ತಿಂಗಳ ಮಳೆ ಹಿಡಿಯಿತು. ಒಣಕಲು ಸೇಲಂನಲ್ಲಿ ಅಂಥ ಮಳೆ ನಾನು ಕಂಡಿರಲಿಲ್ಲ. ನಮ್ಮ ಮನೆಯ ಮಗ್ಗದ ಗುಂಡಿಯಲ್ಲಿ ನೀರು ಒಸರಿ ಮೊಣಕಾಲಿಗೆ ಬಂತು. ಅಪ್ಪ ಕೊಡದಲ್ಲಿ ಎತ್ತಿ ಹೊರಗೆ ಚೆಲ್ಲುವುದು, ಅದು ಮತ್ತೆ ತುಂಬುವುದು. ಮಗ್ಗದಿಂದ ಇಳಿಸಿದ್ದ ಎರಡು ಪಂಚೆಗೆ ಶೀತ ಹೊಡೆದು ಕಲೆ ಬಿತ್ತು, ಅಂಗಡಿಯವನು ಬೇಡ ಅಂದ. ರುಕ್ಕತ್ತೆಯ ಶೆಡ್ಡಿಗೆ ಚರಂಡಿ ನೀರು ನುಗ್ಗಿ ಮೋಟಾರುಗಳು ಕೆಟ್ಟು ಕೂತವು. ಕೇರಿಗೆ ಕೇರಿಯೇ ಸುಮ್ಮನಾಯಿತು. ಹುಟ್ಟಿದಾಗಿನಿಂದ ಆ ಸದ್ದು ಕೇಳಿದವಳಿಗೆ ಆ ಸುಮ್ಮನಿರುವಿಕೆಗೆ ಹೊಂದಿಕೊಳ್ಳಲು ದಿನಗಳೇ ಬೇಕಾದವು.

ಒಂದು ಶನಿವಾರ ಸಂಜೆ, ಬೇಜಾರಿಗೆ, ಆ ಕಲೆಯಾದ ಪಂಚೆ ಎರಡನ್ನೂ ಜೋಡಿಸಿ ಹೊಲಿದುಕೊಡು ಅಂತ ಅತ್ತೆಗೆ ಕೈಯಲ್ಲಿ ಹೇಳಿದೆ. ಹೊಲಿದಳು. ನಿಂತ ಮಗ್ಗದ ಮೇಲಿನ ತೊಲೆಗೆ ಅದನ್ನು ಇಳಿಬಿಟ್ಟು ಪ್ರೊಜೆಕ್ಟರ್ ಹಚ್ಚಿದೆ. ನಡುವೆ ಹೊಲಿಗೆಯ ಗೆರೆ, ಎಲ್ಲರ ಮುಖದ ಮೇಲೂ ಒಂದು ಅಡ್ಡಗೆರೆ. ಟೈಪಿಸ್ಟು ಮತ್ತು ಪಿಟೀಲಿನವನ ಚಿತ್ರ. ನಡುನಡುವೆ ಇಂಗ್ಲಿಷ್ ಬರಹ ಬರುತ್ತದಲ್ಲ, ಅತ್ತೆಗೆ ತಿಳಿಯುವುದಿಲ್ಲ ಅಂತ ಎದ್ದು ನಿಂತು ಕೈಯಲ್ಲಿ ವಿವರಿಸಲು ಹೊರಟೆ.

"ಕೂತ್ಕಳೇ ಪಾಪಾ, ಅಡ್ಡ ನಿಂತ್ಕಂಡಿದ್ದೀಯ, ಮರೆ ಆಯ್ತೈತೆ!" ಅಂತ, ಈಗಲೂ 'ಪಾಪಾ' ಅಂದರೆ ಕೂಸೇ ಆಗಿರುವ ನನ್ನನ್ನು ಅತ್ತೆ ಗದರಿದಳು. ತನ್ನ ದನಿ ತನಗೆ ಕೇಳದವಳು, ಕೇರಿಗೆಲ್ಲ ಕೇಳುವಂತೆ. ಐದು ನಿಮಿಷಕ್ಕೆ, "ನೋಡೇ, ಇವ್ಳಿಗೆ ಅವ್ನ ಕಂಡ್ರೆ ಆಸೆ ಐತೆ. ಆಸೆ ಇಲ್ದಿದ್ರೆ ಗೋಡೆನ ಅಷ್ಟು ಜೋರಾಗ್ ಯಾಕ್ ಕುಟ್ತಾಳೆ?" ಅಂದಳು. ನಾನು ಆ ಚಿತ್ರವನ್ನು ಅದೆಷ್ಟೋ ಸಲ ನೋಡಿದ್ದೆ. ಅದು ನನಗೆ ಅಷ್ಟು ಬೇಗ ಹೊಳೆದಿರಲಿಲ್ಲ.

ಮಾರನೆಯ ದಿನ ಕೆಲಸವಿಲ್ಲದೆ ಕೂತಿದ್ದ ಶೆಡ್ಡಿನ ಹೆಂಗಸರು ಬಂದರು. ಅದರ ಮುಂದಿನ ವಾರ ಜಾಗ ಸಾಲದೆ ಹೊಸ್ತಿಲ ಮೇಲೂ ಕೂತರು. ಯಾರೂ ಮಾತಾಡುತ್ತಿರಲಿಲ್ಲ. ಕತ್ತಲಲ್ಲಿ ಕೈಗಳೇ ಆಡುತ್ತಿದ್ದವು, ಇವನು ಸುಳ್ಳ, ಅವಳು ಪಾಪ, ಆ ಮುದುಕಿ ಇದ್ದಾಳಲ್ಲ ಅವಳು ನಮ್ಮ ಮಾಲೀಕನ ಹೆಂಡತಿ ಥರ ಅಂತ. ಗುಂಡಿಯ ನೀರಿನಲ್ಲಿ ಕಪ್ಪೆ ಕೂಗುತ್ತಿತ್ತು, ಹೊರಗೆ ಮಳೆ. ನಗು ಬಂದಾಗ ಮಾತ್ರ ಮನೆ ಹಾರಿಹೋಗುವ ಹಾಗೆ ನಗುತ್ತಿದ್ದರು.

ಆ ವಾರ ಹೆಂಗಸರ ಜೊತೆ ಮಾದೇಶನೂ ಬಂದ. ಶೆಡ್ಡಿನ ಮೋಟಾರು ರಿಪೇರಿ ಮೇಸ್ತ್ರಿ, ಕೊಳತ್ತೂರಿನವನು, ಮನೆಯಲ್ಲಿ ನಮ್ಮ ಹಾಗೇ ಕನ್ನಡದವನು. ಹೆಂಡತಿ ಸತ್ತು ಬಹಳ ಕಾಲವಾಗಿತ್ತು, ಮಗಳನ್ನು ಮೇಟ್ಟೂರಿಗೆ ಕೊಟ್ಟಿದ್ದ. ಮಗ್ಗದ ಸಹವಾಸದಲ್ಲಿ ಅವನ ಕಿವಿಯೂ ಹೋಗಿತ್ತು. ಗೋಡೆಗೆ ಒರಗಿ, ಪ್ರೊಜೆಕ್ಟರಿನ ಸ್ವಿಚ್ ಬೋರ್ಡ್ ಪಕ್ಕ ಕೂತ. ಬೋರ್ಡಿನ ಈ ಕಡೆ ರುಕ್ಕತ್ತೆ ಕೂತಿದ್ದಳು.

ಅವತ್ತು ಹಾಕಿದ್ದು ಟ್ರಾಮಿನ ಚಿತ್ರ. ಬಟ್ಟೆ ಒಗೆಯುವ ಅಂಗಡಿಯ ಹುಡುಗಿ ದಿನಾ ಟ್ರಾಮ್ ಹತ್ತುತ್ತಾಳೆ. ಕಂಡಕ್ಟರ್ ಬೇಕೆಂದೇ ಅವಳ ಸ್ಟಾಪು ದಾಟಿಸುತ್ತಾನೆ, ಅವಳು ಬೈಯುತ್ತಾ ನಡೆದು ವಾಪಸ್ ಹೋಗುತ್ತಾಳೆ. ಕೊನೆಗೆ ಅವನು ಕೆಲಸ ಬಿಟ್ಟು ಊರಿಗೆ ಹೊರಟಾಗ ಆ ಹುಡುಗಿ ಓಡಿ ಬಂದು ಹಳಿಯ ನಡುವೆ ನಿಂತು, ಮುಖದ ತುಂಬ ಸಿಟ್ಟಿಟ್ಟುಕೊಂಡು, ಅಂಗೈ ಎತ್ತಿ ಹಿಡಿಯುತ್ತಾಳೆ.

ಪಟ್ ಅಂತ ಕತ್ತಲಾಯಿತು.

"ಯಾರ್ಲಾ ಅದು ಆಫ್ ಮಾಡಿದ್ದು?" "ಅಯ್ಯಯ್ಯೋ, ಟ್ರಾಮ್ ನಿಂತ್ಕತಾ ಇಲ್ವಾ?" ಹೆಂಗಸರೆಲ್ಲ ಒಟ್ಟಿಗೆ ಕಿರುಚಿದರು. ನಾನು ಫೋನಿನ ಟಾರ್ಚ್ ಹಾಕಿದೆ. ಸ್ವಿಚ್ಚಿನ ಮೇಲೆ ರುಕ್ಕತ್ತೆಯ ಕೈ, ಅದರ ಮೇಲೆ ಮಾದೇಶನ ಕೈ. ಅಂಗೈ ಎತ್ತಿದ್ದು ಕಂಡರೆ ಮಗ್ಗ ನಿಲ್ಲಿಸಬೇಕು, ತಡ ಮಾಡಿದರೆ ಹಾಸಿನ ಎಳೆಯೆಲ್ಲ ಕಿತ್ತುಹೋಗುತ್ತದೆ. ಅಷ್ಟು ವರ್ಷದ ಅಭ್ಯಾಸ, ಇಬ್ಬರ ಕೈಯೂ ಅವರನ್ನು ಕೇಳದೆ ಹೋಗಿ ಸಿನಿಮಾ ನಿಲ್ಲಿಸಿಬಿಟ್ಟಿತ್ತು. ಕಳ್ಳ ಮಕ್ಕಳ ಹಾಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಮಾದೇಶ ಮುಷ್ಟಿ ಮಾಡಿ ಮುಂದಕ್ಕೆ ತಳ್ಳಿದ, ಓಡಿಸು ಅಂತ. ರುಕ್ಕತ್ತೆ ನಕ್ಕಳು. ಸೆರಗು ಬಾಯಿಗೆ ಅಡ್ಡ ಹಿಡಿಯದೆ ಹಾಗೆ ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

ಆಮೇಲೆ ಏನಾಯಿತು ಅಂತ ಹೇಳಬೇಕಾಗಿಲ್ಲ, ಅಂಥ ಚಿತ್ರ ನೋಡಿದವರಿಗೆಲ್ಲ ಗೊತ್ತು. ಮಾದೇಶ ಒಂದು ಶನಿವಾರ ಕೊಳತ್ತೂರಿನಿಂದ ಮೇಟ್ಟೂರು ಅಣೆಕಟ್ಟಿನ ಹಿನ್ನೀರ ಮೀನು ತಂದ, ನಮ್ಮ ಮನೆಯಲ್ಲಿ ಮೀನು ತಿನ್ನುವುದಿಲ್ಲ ಅಂತ ತಿಳಿದು ಅದನ್ನು ಕೈಯಲ್ಲಿ ಹಿಡಿದುಕೊಂಡೇ ಸಿನಿಮಾ ನೋಡುತ್ತಾ ಕೂತ. ಅತ್ತೆ ಮಾತೇ ಆಡದೆ ಮೂಗು ಹಿಡಿದು ತೋರಿಸಿದಳು. ಅವನು ಹೊರಗೆ ಹೋಗಿ ಮಳೆಯಲ್ಲಿ ನಿಂತ. ಅವಳು ಕೊಡೆ ಕೊಟ್ಟಳು, ಒಳಗೆ ಮಾತ್ರ ಕರೆಯಲಿಲ್ಲ. ಪರದೆಯ ಮೇಲೆ ನಡೆಯುತ್ತಿದ್ದದ್ದಕ್ಕೂ ಬಾಗಿಲಲ್ಲಿ ನಡೆಯುತ್ತಿದ್ದದ್ದಕ್ಕೂ ನನಗೆ ವ್ಯತ್ಯಾಸ ಕಾಣಲಿಲ್ಲ. ಒಂದು ದಿನ ಬೀಡಿ ಸೇದಲು ಹೊರಗೆ ಹೋದವನು ನನ್ನನ್ನು ಕರೆದು, "ಪಾಪಾ, ನಿಮ್ಮತ್ತೆನ ಕೇಳ್ಬೇಕು ಅಂತಿವ್ನಿ. ನಿಮ್ಮಪ್ಪನ್ನ ಮೊದ್ಲು ಕೇಳ್ಬೇಕಾ, ಅವ್ಳ್ನ ಮೊದ್ಲು ಕೇಳ್ಬೇಕಾ?" ಅಂದ. ಅವಳನ್ನು ಅಂತ ಕೈಯಲ್ಲಿ ಹೇಳಿದೆ. ಆದರೆ ಆ ಹೊತ್ತಿಗೆ ಕೇರಿಯ ಬಾಯಿಗಳು ಅಪ್ಪನ ಕಿವಿ ಮುಟ್ಟಿದ್ದವು.

ಅಪ್ಪ ಬಿಳಿ ಬಟ್ಟೆಯನ್ನು ತೊಲೆಯಿಂದ ಎಳೆದು ಎಸೆದ. "ಮನೇನ ಟಾಕೀಸ್ ಮಾಡ್ಬುಟ್ಟಿದ್ದೀಯ! ಕಂಡೋರೆಲ್ಲಾ ಬಂದು ಕೂತ್ಕತಾರೆ. ಐವತ್ತು ವರ್ಷದ ಮುದುಕಿಗೆ ಮದ್ವೆನಾ? ಜನ ಕಾರಿ ಉಗೀತಾರೆ ಕಣೇ."

"ಉಗೀಲಿ. ಅತ್ತೆನ ಕೇಳಿದ್ಯಾ?"

"ಅವ್ಳ್ನೇನ್ ಕೇಳೋದು? ಅವ್ನು ನಮ್ಮೋನಲ್ಲ. ಮೀನ್ ತಿನ್ನೋನು. ಅದ್ರ್ ಮೇಲೆ ಕಿವುಡ."

"ಅವ್ಳಿಗೂ ಕೇಳ್ಸಲ್ಲ ಅಲ್ವಾಪ್ಪಾ?"

"ಅದ್ಕೇ ಯೋಳ್ತಿರೋದು! ಎರಡು ಕಿವುಡು ಸೇರ್ಕಂಡು ಏನ್ ಸಂಸಾರ ಮಾಡ್ತವೆ?" ಒಲೆಯ ಕಡೆ ಒಂದು ಸಲ ನೋಡಿದ. ಆಮೇಲೆ ಒಳಗಿದ್ದದ್ದು ಹೊರಗೆ ಬಂತು. "ಅವ್ಳು ಹೊಂಟೋದ್ರೆ ಇಲ್ಲಿ ಅನ್ನ ಆಕೋರು ಯಾರು?"

ಅದೇ. ಜಾತಿ, ಮೀನು, ವಯಸ್ಸು, ಜನ, ಎಲ್ಲದರ ಅಡಿಯಲ್ಲಿ ಕೂತಿದ್ದದ್ದು ಒಂದು ತಟ್ಟೆ ಅನ್ನ. ನನಗೆ ಬಂದ ಕೋಪದಲ್ಲಿ ಏನೇನು ಅಂದೆನೋ ನೆನಪಿಲ್ಲ. ಈ ಎಲ್ಲ ಕೂಗಾಟದ ನಡುವೆ ರುಕ್ಕತ್ತೆ ಒಲೆಯ ಮುಂದೆ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಮ್ಮ ಬಾಯಿ ನೋಡುತ್ತಿದ್ದಳು, ಅಪ್ಪನ ಬಾಯಿ, ನನ್ನ ಬಾಯಿ. ಏನೂ ಗೊತ್ತಾಗಲಿಲ್ಲ ಅಂತ ಅಪ್ಪ ಅಂದುಕೊಂಡ. ಅವಳಿಗೆ ಎಲ್ಲವೂ ಗೊತ್ತಾಗಿತ್ತು. ಎಸೆದಿದ್ದ ಬಿಳಿ ಬಟ್ಟೆಯನ್ನು ಎತ್ತಿ, ಕೊಡವಿ, ಮಡಿಸಿ ನನ್ನ ಚೀಲದಲ್ಲಿಟ್ಟಳು. ಮಾದೇಶನಿಗೆ ಕೇರಿಯ ಕಡೆ ಬರಬೇಡ ಅಂತ ಅಪ್ಪ ಹೇಳಿಕಳಿಸಿದ. ಅತ್ತೆ ಎಲ್ಲಿಗೆ ಹೊರಟರೂ ಹಿಂದೆಯೇ ಹೋಗತೊಡಗಿದ, ರೇಷನ್ ಅಂಗಡಿಗೂ, ಚೌಡೇಶ್ವರಿ ಗುಡಿಗೂ.

ಆಗ ವಕ್ಕರಿಸಿದವರು ಸೆಕ್ರೆಟರಿ. ಯಾರೋ ನಮ್ಮ ನಡುಮನೆಯ ಸಿನಿಮಾದ ಫೋಟೋವನ್ನು ಫೋನಿನಲ್ಲಿ ಹಂಚಿದ್ದರು, ಅದಕ್ಕೆ ಜನ ಚಪ್ಪಾಳೆ ತಟ್ಟಿದ್ದರು. ಟೈಂಪಾಸು ಅಂದವರಿಗೆ ಈಗ ಅದು 'ಶ್ರಮಿಕರ ಕಲಾಭಿರುಚಿ' ಆಗಿತ್ತು. ಊರಿನ ನಡುವೆ ಒಂದು ಹಾಲ್ ಹಿಡಿದಿದ್ದೇವೆ, ಆ ಟ್ರಾಮಿನ ಚಿತ್ರವನ್ನೇ ಹಾಕುತ್ತೇವೆ, ಕಿವಿ ಕೇಳದ ನೇಕಾರ ತಾಯಿಗೆ ವೇದಿಕೆಯ ಮೇಲೆ ಶಾಲು ಹೊದಿಸುತ್ತೇವೆ ಅಂದರು. ನಾನು ಆಗಲ್ಲ ಅನ್ನುವಷ್ಟರಲ್ಲಿ ಅಪ್ಪ "ಶಾಲಾ?" ಅಂದ. ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. ಅದೇ ತಂಗಿ, ಅದೇ ಸಿನಿಮಾ! ಮನೆಯಲ್ಲಿ ನೋಡಿದರೆ ಮಾನ ಹೋಗುತ್ತದೆ, ಹಾಲಿನಲ್ಲಿ ನೋಡಿದರೆ ಮಾನ ಬರುತ್ತದೆ.

ಶನಿವಾರ ಸಂಜೆ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಮೊದಲ ಸಾಲಿನಲ್ಲಿ ಅತ್ತೆಯ ಪಕ್ಕ ಕಾವಲಿಗೆ ಕೂತ. ಶೆಡ್ಡಿನ ಹೆಂಗಸರನ್ನೆಲ್ಲ ಹಿಂದಿನ ಸಾಲುಗಳಿಗೆ ಕಳಿಸಿದ್ದರು. ಬಾಗಿಲ ಹತ್ತಿರ, ಕಂಬಕ್ಕೆ ಒರಗಿ ಮಾದೇಶ ನಿಂತಿದ್ದ. ಅಪ್ಪ ನೋಡಲಿಲ್ಲ. ಅತ್ತೆ ನೋಡಿದಳು.

ಸಿನಿಮಾ ಶುರುವಾಯಿತು. ಪರದೆಯ ಪಕ್ಕ ಒಬ್ಬ ಮಿಮಿಕ್ರಿಯವನನ್ನು ನಿಲ್ಲಿಸಿ ಕೈಗೆ ಮೈಕ್ ಕೊಟ್ಟಿದ್ದರು. ಸಾಧಾರಣ ಜನಕ್ಕೆ ಅರ್ಥವಾಗಬೇಕಲ್ಲ! ಅವನು ಹುಡುಗಿಗೆ ಕೀರಲು ದನಿ ಹಚ್ಚಿದ, ಕಂಡಕ್ಟರಿಗೆ ಯಾವುದೋ ಹೀರೋನ ದನಿ ಹಚ್ಚಿದ, ನಡುನಡುವೆ ಕೊಳಕು ಜೋಕು ಬೇರೆ. ಹಿಂದಿನಿಂದ ಡಬಡಬ ಸಂಗೀತ. ಅವಳು ಭುಜ ಕುಣಿಸುವ ಆ ಒಂದು ಗಳಿಗೆಯಲ್ಲಿ ಈ ಮಹಾನುಭಾವ ಬೆಳಕಿಗೆ ಅಡ್ಡ ಬಂದು, ಭುಜದ ಮೇಲೆ ಅವನ ತಲೆಯ ನೆರಳು ಬಿತ್ತು. ಜನ ಅವನಿಗೆ ನಗುತ್ತಿದ್ದರು, ಚಿತ್ರವನ್ನು ಯಾರೂ ನೋಡುತ್ತಿರಲಿಲ್ಲ. ಅಪ್ಪನೂ ತೊಡೆ ತಟ್ಟಿಕೊಂಡು ನಗುತ್ತಿದ್ದ. ಎದ್ದು ಹೋಗಿ ಆ ಮೈಕಿನ ವೈರು ಕಿತ್ತುಬಿಡೋಣ ಅಂತ ಏಳಲು ಹೊರಟವಳು, ಅತ್ತೆಯ ಕಡೆ ನೋಡಿ ಹಾಗೇ ಕೂತೆ.

ಅತ್ತೆ ಪರದೆ ನೋಡುತ್ತಿರಲಿಲ್ಲ. ಕುರ್ಚಿಯಲ್ಲಿ ಅರ್ಧ ತಿರುಗಿ ಬಾಗಿಲು ನೋಡುತ್ತಿದ್ದಳು. ಅಲ್ಲಿ ಬೆಳಕಿನಲ್ಲಿ ಮಾದೇಶ ಕೈ ಎತ್ತಿ ಹೆಬ್ಬೆರಳು ತೋರುಬೆರಳು ಉಜ್ಜಿದ. ಎಳೆ ಕಿತ್ತಿದೆ, ಕಟ್ಟೋಣವಾ?

ರುಕ್ಕತ್ತೆ ಅಂಗೈ ಎತ್ತಿ ಹಿಡಿದಳು. ನಿಲ್ಲಿಸು.

ಮುಗಿಯಿತು ಅಂದುಕೊಂಡೆ. ಮಾದೇಶ ಕೈ ಇಳಿಸಿದ. ಆದರೆ ಹೊರಡಲಿಲ್ಲ, ಕಂಬದ ಹತ್ತಿರವೇ ನಿಂತ. ಪರದೆಯ ಮೇಲೆ ಹುಡುಗಿ ಓಡತೊಡಗಿದ್ದಳು, ಮಿಮಿಕ್ರಿಯವನು ಏನೋ ಅರಚುತ್ತಿದ್ದ. ಅತ್ತೆ ಒಂದು ಸಲ ಪರದೆ ನೋಡಿದಳು, ಒಂದು ಸಲ ನಗುತ್ತಿದ್ದ ಅಣ್ಣನ ಮುಖ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಿರುಗಿ, ಮುಷ್ಟಿ ಮಾಡಿ, ಮುಂದಕ್ಕೆ ತಳ್ಳಿದಳು.

ಮಾದೇಶ ಎರಡು ಕೈಯಲ್ಲೂ ಸ್ಟಿಯರಿಂಗ್ ತಿರುಗಿಸಿ ತೋರಿಸಿದ. ಅಂಗೈಯನ್ನು ಕೆನ್ನೆಗೆ ಇಟ್ಟು ತೆಗೆದ. ನಾಳೆ ಬೆಳಗ್ಗೆ, ಬಸ್ಸು. ಹಿಂದಿನ ಸಾಲಿನ ಶೆಡ್ಡಿನ ಹೆಂಗಸರು ಉಸಿರು ಬಿಗಿಹಿಡಿದು ಕೂತಿದ್ದರು. ಆ ಕೈಗಳನ್ನು ಓದಲು ಅವರೆಲ್ಲರಿಗೂ ಬರುತ್ತಿತ್ತು. ಅತ್ತೆ ತಲೆಯಾಡಿಸಿ, ಎಷ್ಟು ಹೊತ್ತಿಗೆ ಅಂತ ಕೈಯಲ್ಲಿ ಕೇಳಿದಳು.

ಅಪ್ಪ ತಿರುಗಿ ನೋಡಿದ. "ಏನು, ಸೊಳ್ಳೆನಾ?" ಅಂತ ಅವಳ ಕಿವಿಗೆ ಕೂಗಿದ. ಅವಳು ಹೌದು ಅಂತ ತಲೆಯಾಡಿಸಿದಳು.

ವೇದಿಕೆಗೆ ಕರೆದರು. ಸೆಕ್ರೆಟರಿ ಅವಳ ಮುಖದ ಮುಂದೆ ಮೈಕ್ ಹಿಡಿದು ಮಾತಾಡಿದರು, ಅವಳ ಬಗ್ಗೆ, ಅವಳಿಗೆ ಒಂದಕ್ಷರವೂ ತಿಳಿಯದ ಹಾಗೆ. ಶಾಲು ಹೊದಿಸಿದರು. ಅತ್ತೆ ಕೈಮುಗಿದಳು. ಅಷ್ಟು ಚಂದ ಅವಳು ಕಂಡದ್ದನ್ನು ಗಮನಿಸಬಲ್ಲ ಗಂಡಸು ಒಬ್ಬನೇ ಇದ್ದದ್ದು. ಅವನು ಆಗಲೇ ಹೊರಗೆ ಹೋಗಿದ್ದ.

ಭಾನುವಾರ ಬೆಳಗ್ಗೆ ಅಪ್ಪ ಟೀ ಕುಡಿಯಲು ಹೋದಾಗ ಅತ್ತೆ ನಾಲ್ಕು ಸೀರೆಯನ್ನು ಆ ಶಾಲಿನಲ್ಲೇ ಗಂಟು ಕಟ್ಟಿದಳು. ಒಲೆ ಒರೆಸಿದಳು, ಅನ್ನದ ಪಾತ್ರೆ ಬೋರಲು ಹಾಕಿದಳು. ನಾನು ಆಟೋ ತಂದೆ. ಹೊಸ ಬಸ್ ಸ್ಟಾಂಡಿನಲ್ಲಿ, ಮೇಟ್ಟೂರಿನ ಮೇಲೆ ಹೋಗುವ ಕೊಳತ್ತೂರಿನ ಬಸ್ಸಿನಲ್ಲಿ ಮಾದೇಶ ಸೀಟು ಹಿಡಿದಿದ್ದ. ಮಳೆಗೆ ಕಿಟಕಿ ಗಾಜೆಲ್ಲ ಮುಚ್ಚಿದ್ದರು. ಅತ್ತೆ ಕಿಟಕಿ ಪಕ್ಕ ಕೂತು, ಸೆರಗಿನಿಂದ ಗಾಜಿನ ಹಬೆ ಒರೆಸಿಕೊಂಡಳು.

ಯಾರು ಹೇಳಿದರೋ, ಅಪ್ಪ ಮೊಪೆಡ್ಡಿನಲ್ಲಿ ಬಂದ. ನೆನೆದು ತೊಪ್ಪೆಯಾಗಿದ್ದ. ಬಸ್ಸಿನ ಮೈ ಬಡಿಯುತ್ತಾ ಕೂಗಿದ. "ರುಕ್ಕೂ! ಇಳಿಯೇ! ಜನ ಏನಂತಾರೆ? ಇಳಿಯೇ ಕೆಳಗೆ!" ಡ್ರೈವರ್ ಹಾರ್ನ್ ಒತ್ತಿದ, ಪಕ್ಕದಲ್ಲಿ ಮೂರು ಬಸ್ಸು ಒತ್ತಿದವು. ಕಂಡಕ್ಟರ್ ಮೇಟ್ಟೂರು ಮೇಟ್ಟೂರು ಅಂತ ಅರಚುತ್ತಿದ್ದ, ಕಡಲೆಕಾಯಿಯವನು ಅರಚುತ್ತಿದ್ದ, ಅಪ್ಪನೂ ಅರಚುತ್ತಿದ್ದ. ಇಷ್ಟು ವರ್ಷ ಅವಳಿಗೆ ಕೇಳಿಸದು ಅಂತ ಗೊತ್ತಿದ್ದೂ ಕೂಗುವುದು ಬಿಟ್ಟು ಬೇರೆ ಏನನ್ನೂ ಕಲಿಯದ ಮನುಷ್ಯ.

ಅತ್ತೆ ಗಾಜಿನ ಆಚೆಯಿಂದ ಅವನನ್ನು ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಅದನ್ನೆಲ್ಲ ನನಗೆ ಕೊಟ್ಟುಹೋದಳೋ ಏನೋ. ಒಂದು ಕೈಯನ್ನು ತನ್ನ ಎದೆಗೆ ಮುಟ್ಟಿಸಿದಳು. ಕೇರಿಯ ದಿಕ್ಕಿಗೆ, ಮನೆಯ ದಿಕ್ಕಿಗೆ ಕೈ ತೋರಿಸಿದಳು. ಆಮೇಲೆ ಬೆರಳನ್ನು ಅಪ್ಪನ ಕಡೆ ಮಾಡಿದಳು. ಬಸ್ಸು ಹೊರಟಿತು.

ಅಪ್ಪ ನನ್ನ ಕಡೆ ತಿರುಗಿದ. "ಏನೇ ಅದು? ಏನಂದ್ಳು ಅವ್ಳು?"

"ಪಾಳಿ ಮುಗೀತಂತೆ."

"ಯಾವ್ ಪಾಳಿ? ಶೆಡ್ ಮುಚ್ಚಿ ತಿಂಗ್ಳಾಯ್ತಲ್ಲ?" ಅಂದ.

ನಾನು ಮೊಪೆಡ್ಡಿನ ಹಿಂದೆ ಹತ್ತಿ ಕೂತೆ. ಅಲ್ಲಿಂದ ಮನೆಯವರೆಗೂ ಬಾಯಿ ಬಿಡಲಿಲ್ಲ. ಬಿಟ್ಟರೆ ಆಡಬಾರದ್ದು ಬರುತ್ತಿತ್ತು. ಅಪ್ಪ ನಡುಮನೆಯಲ್ಲಿ ಮಗ್ಗದ ಕಟ್ಟೆಯ ಮೇಲೆ ಕೂತು, ಗುಂಡಿಯ ನೀರು ನೋಡುತ್ತಾ ಮಧ್ಯಾಹ್ನ ಕಳೆದ. ಸಂಜೆಗೆ ಹಸಿವಾಯಿತು. ಎದ್ದು ಒಲೆಯ ಹತ್ತಿರ ಹೋಗಿ, ಬೋರಲು ಹಾಕಿದ್ದ ಪಾತ್ರೆಯನ್ನು ತಿರುಗಿಸಿದ. ಆ ಡಬ್ಬಿ ಈ ಡಬ್ಬಿ ತೆಗೆದು ಮುಚ್ಚಿದ. ಕಡೆಗೆ ನನ್ನನ್ನು ಕೇಳಿದ, ಆ ಮನೆಯಲ್ಲೇ ಹುಟ್ಟಿ ಆ ಮನೆಯಲ್ಲೇ ತಲೆ ನರೆಸಿಕೊಂಡವನು. "ಪಾಪಾ, ಅಕ್ಕಿ ಎಲ್ಲೈತೆ?"

ನಾನು ಮಾತಾಡಲಿಲ್ಲ. ಕೈಯಲ್ಲಿ ತೋರಿಸಿದೆ.